ಗುಟ್ಟಿನ ರಾಯಭಾರಕ್ಕೆ ಡಂಗುರ: ಶ್ರೀರಂಗಪಟ್ಟಣದಿಂದ ಮಾರಿಷಸ್‌ಗೆ ಹೋದ ಇಬ್ಬರ ಪ್ರಕರಣ

ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಬಂದವರೆಲ್ಲ ಪಡುವಣ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. 1780ರ ಪೊಳ್ಳಿಲೂರು ಯುದ್ಧದ ಚಿತ್ರ ಅಲ್ಲಿದೆ. ಪಲ್ಲಕ್ಕಿಯಲ್ಲಿ ಕುಳಿತ, ಸೋತ ಇಂಗ್ಲಿಷ್ ಪಡೆಯ ಗಾಯಾಳು ಕರ್ನಲ್ ಬೈಲಿಯನ್ನು ಎಲ್ಲರೂ ಗುರುತಿಸುತ್ತಾರೆ. ನನ್ನ ಕಣ್ಣು ಹೋಗುವುದು ದುರ್ಬೀನು ಹಿಡಿದ ಲಾಲಿ ಎಂಬ ಫ್ರೆಂಚ್ ದಳಪತಿಯ ಕಡೆಗೆ. ಮೈಸೂರಿನ ಅತಿದೊಡ್ಡ ಗೆಲುವಿನ ಚಿತ್ರದಲ್ಲಿ ಒಬ್ಬ ಫ್ರೆಂಚನಿಗೆ ಗೋಡೆಯ ಮೇಲೆ ಜಾಗ ಸಿಕ್ಕಿದೆ ಎಂದರೆ ಆ ನಂಟಿನ ಮೇಲೆ ಈ ಊರಿಟ್ಟಿದ್ದ ಭರವಸೆ ಎಷ್ಟೆಂದು ಊಹಿಸಿಕೊಳ್ಳಬಹುದು. ಆ ಭರವಸೆ ಹತ್ತೊಂಬತ್ತು ವರ್ಷಗಳ ನಂತರ ಇದೇ ಊರಿನ ಕೋಟೆಯೊಳಗೆ ಮುರಿದುಬಿತ್ತು.

ಟಿಪ್ಪು ಏಕೆ ಸೋತ ಎಂದು ನಮ್ಮ ಮಂಡ್ಯ ಸೀಮೆಯಲ್ಲಿ ಯಾರನ್ನೇ ಕೇಳಿ, ಮೀರ್ ಸಾದಿಕ್ ಎಂಬ ಉತ್ತರ ಥಟ್ಟನೆ ಬರುತ್ತದೆ. ಇಲ್ಲಿ ಅದು ಹೆಸರಾಗಿ ಉಳಿದಿಲ್ಲ, ಬೈಗುಳವಾಗಿದೆ. ಆದರೆ ದಿವಾನ ಮೀರ್ ಸಾದಿಕನ ದ್ರೋಹದ ಕಥೆ ಯುದ್ಧದ ಕೊನೆಯ ದಿನದ್ದು. ಯುದ್ಧಕ್ಕೆ ನೆಪ ಸಿಕ್ಕಿದ್ದು ಅದಕ್ಕೂ ಹದಿನೈದು ತಿಂಗಳ ಹಿಂದೆ, ಹಿಂದೂ ಮಹಾಸಾಗರದ ನಡುವಿನ ಒಂದು ದ್ವೀಪದಲ್ಲಿ, ಒಂದು ಮುದ್ರಿತ ಹಾಳೆಯಿಂದ. ಈ ಬರಹ ಆ ಹಾಳೆಯ ಬಗ್ಗೆ ಮತ್ತು ಅದರಲ್ಲಿ ಸಿಕ್ಕಿಹಾಕಿಕೊಂಡ ಇಬ್ಬರು ರಾಯಭಾರಿಗಳ ಬಗ್ಗೆ.

ಹಿನ್ನೆಲೆ

ಆ ಕಾಲದ ದಫ್ತರಗಳಲ್ಲಿ ಪರರಾಜ್ಯಕ್ಕೆ ಹೋಗಿ ಮಾತಾಡುವವನನ್ನು ವಕೀಲ ಎಂದು ಕರೆಯುತ್ತಿದ್ದರು. ಇಂದು ಕರಿಕೋಟಿನವರಿಗೆ ಮೀಸಲಾಗಿರುವ ಮಾತು. ನಮ್ಮ ಹಳ್ಳಿಗಳ ಪೌರಾಣಿಕ ನಾಟಕಗಳಲ್ಲಿ ಕೃಷ್ಣ ಪಾಂಡವರ ರಾಯಭಾರಿಯಾಗಿ ಹಸ್ತಿನಾವತಿಗೆ ಹೋಗುವ ದೃಶ್ಯಕ್ಕೆ ಬೆಳಗಿನ ಜಾವದವರೆಗೂ ಜನ ಎದ್ದಿರುತ್ತಾರೆ. ಅಲ್ಲಿ ಎಲ್ಲವೂ ತುಂಬಿದ ಸಭೆಯಲ್ಲಿ, ಏರಿದ ದನಿಯಲ್ಲಿ ನಡೆಯಬೇಕು. ಅದರ ಸೊಗಸೇ ಅದು. ಟಿಪ್ಪುವಿನ ವಕೀಲರ ಕೆಲಸ ಅದಕ್ಕೆ ತದ್ವಿರುದ್ಧ.

ಮೈಸೂರು ಮತ್ತು ಫ್ರಾನ್ಸ್ ನಡುವಿನ ನಂಟಿನಲ್ಲಿ ಮೊದಲಿನಿಂದಲೂ ಒಂದು ಬಿರುಕಿತ್ತು. 1783ರಲ್ಲಿ ಮಂಗಳೂರಿನ ಮುತ್ತಿಗೆ ನಡೆಯುತ್ತಿದ್ದಾಗ ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾಯಿತು. ಸುದ್ದಿ ಬಂದದ್ದೇ ತಡ, ಟಿಪ್ಪುವಿನ ಪಕ್ಕದಲ್ಲಿದ್ದ ಫ್ರೆಂಚ್ ಪಡೆ ಯುದ್ಧದಿಂದ ಹಿಂದೆ ಸರಿಯಿತು. ಊಟದ ಎಲೆಯಿಂದ ನಡುವೆ ಎದ್ದು ಹೋದಂತೆ. ಪಾಂಡಿಚೇರಿಯವರೊಡನೆ ಮಾತಾಡಿ ಉಪಯೋಗವಿಲ್ಲ, ನೇರವಾಗಿ ಪ್ಯಾರಿಸ್ಸಿನ ದೊರೆಯನ್ನೇ ಕಾಣಬೇಕು ಎಂಬ ಯೋಚನೆ ಟಿಪ್ಪುವಿಗೆ ಬಲವಾಗಿದ್ದು ಆಗ.

ಮೊದಲ ಪ್ರಯತ್ನ ಸುತ್ತುದಾರಿಯದು. 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನೂರಾರು ಜನರ ನಿಯೋಗವೊಂದು ಇಸ್ತಾಂಬುಲ್‌ಗೆ ಹೊರಟಿತು. ಬಿರುಗಾಳಿ, ಕಾಯಿಲೆಗಳಿಗೆ ಅದರಲ್ಲಿ ಬಹುಪಾಲು ಜನ ಬಲಿಯಾದರು. ತುರ್ಕಿಯಿಂದ ಫ್ರಾನ್ಸಿಗೆ ಮುಂದುವರಿಯಬೇಕೆಂಬ ಯೋಜನೆ ಕೈಗೂಡಲಿಲ್ಲ. ಎರಡನೆಯದು ಸಮುದ್ರದ ನೇರ ದಾರಿ. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರಲ್ಲಿ ಪಾಂಡಿಚೇರಿಯಿಂದ ಹಡಗು ಹತ್ತಿ ಮರುವರ್ಷ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದರು. 1788ರ ಆಗಸ್ಟ್ 10ರಂದು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿ ಅವರನ್ನು ಬರಮಾಡಿಕೊಂಡ. ಪ್ಯಾರಿಸ್ಸಿನ ಜನ ಅವರ ಮಸ್ಲಿನ್ ಉಡುಪು ನೋಡಲು ಮುಗಿಬಿದ್ದರು. ಎಲಿಜಬೆತ್ ವಿಜೆ ಲೆ ಬ್ರನ್ ಎಂಬ ಹೆಸರಾಂತ ಚಿತ್ರಗಾರ್ತಿ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಸೈನ್ಯ ಕೇಳಿದ್ದಕ್ಕೆ ಸಿಕ್ಕಿದ್ದು ಸೆವ್ರ್ ಪಿಂಗಾಣಿ, ಬೀಜಗಳು ಮತ್ತು ಕೆಲವು ಕುಶಲಕರ್ಮಿಗಳು. ಲೂಯಿಯ ಬೊಕ್ಕಸವೇ ಬರಿದಾಗಿತ್ತು. ಇನ್ನೊಂದು ವರ್ಷದೊಳಗೆ ಅವನ ರಾಜ್ಯದಲ್ಲೇ ಕ್ರಾಂತಿಯಾಯಿತು.

ಆಮೇಲೆ ಮೂರನೇ ಮೈಸೂರು ಯುದ್ಧ. 1792ರಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಕ್ಕಳು 1794ರಲ್ಲಿ ಹಿಂತಿರುಗಿದರೂ ನೆಲ ಹಿಂತಿರುಗಲಿಲ್ಲ. ಮುಂದಿನ ಘಟನೆಯನ್ನು ಈ ಗಾಯವನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಇಲ್ಲದಿದ್ದರೆ ಟಿಪ್ಪುವಿನಂಥ ಶಂಕಾಸ್ವಭಾವದವನು ರಿಪೋ ಎಂಬ ಫ್ರೆಂಚ್ ನಾವಿಕನ ಮಾತಿಗೆ ಮರುಳಾದದ್ದು ಅರ್ಥವಾಗುವುದಿಲ್ಲ.

ಮಂಗಳೂರಿಗೆ ಬಂದ ಒಡಕು ಹಡಗು

1797ರ ಮೊದಲ ಭಾಗದಲ್ಲಿ ಫ್ರಾನ್ಸ್ವಾ ರಿಪೋ ಎಂಬ ಫ್ರೆಂಚ್ ಕಡಲ ಸಾಹಸಿಯ ಹಡಗು ಜಖಂಗೊಂಡು ಮಂಗಳೂರಿನ ದಡ ಸೇರಿತು. ಸರ್ಕಾರದ ಪರವಾನಗಿ ಪಡೆದು ಶತ್ರುವಿನ ವ್ಯಾಪಾರಿ ಹಡಗುಗಳನ್ನು ದೋಚುವ ಜಾತಿಯ ನಾವಿಕ. ಈಗಿನ ಮಾರಿಷಸ್ ಆಗ ಈಲ್ ದ ಫ್ರಾನ್ಸ್. ತಾನು ಆ ದ್ವೀಪದ ಆಡಳಿತದಲ್ಲಿ ಗವರ್ನರನ ನಂತರದ ಸ್ಥಾನದವನು, ಅಲ್ಲಿ ಹತ್ತು ಸಾವಿರ ಫ್ರೆಂಚ್ ಸೈನಿಕರು ಸಜ್ಜಾಗಿ ನಿಂತಿದ್ದಾರೆ, ನಿಮ್ಮ ಒಂದು ಮಾತಿಗೆ ಕಾಯುತ್ತಿದ್ದಾರೆ ಎಂದು ಆತ ಹೇಳಿಕೊಂಡ. ಮೂರೂ ಸುಳ್ಳು.

ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರನ್ನು ಸೇರಿಸಿಕೊಂಡು ಆತ ಕ್ರಾಂತಿಯ ಮಾದರಿಯ ಕ್ಲಬ್ಬು ಕಟ್ಟಿದ, ಸ್ವಾತಂತ್ರ್ಯದ ಮರ ನೆಡಿಸಿದ, ಟಿಪ್ಪುವನ್ನು ‘ನಾಗರಿಕ ಟಿಪ್ಪು’ ಎಂದು ಕರೆದ ಎಂಬ ಕಥೆ ಪ್ರಸಿದ್ಧ. ಅದಕ್ಕೆ ಆಧಾರವಾದ ಕಾಗದಗಳು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ಹೊರಬಂದವು ಎಂಬ ಕಾರಣಕ್ಕೆ ಕೆಲವು ಇತಿಹಾಸಕಾರರು ಅದನ್ನೇ ಅನುಮಾನಿಸಿದ್ದಾರೆ. ನನಗೆ ಕ್ಲಬ್ಬಿಗಿಂತ ಮುಖ್ಯವಾಗಿ ಕಾಣುವುದು ದರ್ಬಾರಿನ ಸಂಗತಿ. ರಿಪೋನನ್ನು ನಂಬಬಹುದೇ ಎಂದು ಟಿಪ್ಪು ತನ್ನ ಮುಖ್ಯ ಅಧಿಕಾರಿಗಳ ಅಭಿಪ್ರಾಯ ಕೇಳಿದ. ಬೇಡ, ಇವನು ಮೋಸಗಾರ ಎಂಬ ಎಚ್ಚರಿಕೆ ಬರವಣಿಗೆಯಲ್ಲೇ ಬಂತು. ಟಿಪ್ಪು ಅಭಿಪ್ರಾಯ ಕೇಳಿದ, ಆದರೆ ತನ್ನ ಮನಸ್ಸಿನಲ್ಲಿದ್ದುದನ್ನೇ ಮಾಡಿದ. ಇದು ಅರಸರಿಗೆ ಮಾತ್ರ ಅಂಟಿದ ರೋಗವಲ್ಲ ಬಿಡಿ.

ನಿಯೋಗಕ್ಕೆ ಮೊದಲು ಹೆಚ್ಚು ಜನರನ್ನು ಗೊತ್ತುಮಾಡಿದ್ದರೂ ಕೊನೆಗೆ ಹೊರಟವರು ಇಬ್ಬರು: ಹಸನ್ ಅಲಿ ಮತ್ತು ಶೇಖ್ ಇಬ್ರಾಹಿಂ. ವ್ಯಾಪಾರಿಗಳ ವೇಷದಲ್ಲಿ ಹೋಗಬೇಕು, ಯಾರಿಗೂ ಸುಳಿವು ಸಿಗಬಾರದು ಎಂಬುದು ಅಪ್ಪಣೆ. ಕೈಯಲ್ಲಿ ಪ್ಯಾರಿಸ್ಸಿನ ಆಡಳಿತ ಮಂಡಳಿಗೂ ದ್ವೀಪದ ಅಧಿಕಾರಿಗಳಿಗೂ ಬರೆದ ಕಾಗದಗಳಿದ್ದವು. 1797ರ ಕೊನೆಯಲ್ಲಿ ಮಂಗಳೂರು ಬಿಟ್ಟರು. ಹಡಗಿನ ಮೇಲೆಯೇ ರಿಪೋನ ನಿಜಬಣ್ಣ ತಿಳಿಯತೊಡಗಿತು. ಗುಟ್ಟಿನ ಕಾಗದಗಳನ್ನು ತನಗೆ ತೋರಿಸಬೇಕೆಂದು ಆತ ವಕೀಲರೊಡನೆ ಜಗಳಕ್ಕೇ ನಿಂತ. ನಡುಗಡಲಿನಲ್ಲಿ ಇಬ್ಬರು ಯಾರಿಗೆ ದೂರು ಕೊಟ್ಟಾರು?

ವೈನ್ ಒಂದನ್ನು ಬಿಟ್ಟು

1798ರ ಜನವರಿ 19ರ ಸುಮಾರಿಗೆ ಅವರು ಪೋರ್ಟ್ ಲೂಯಿ ತಲುಪಿದರು. ಗವರ್ನರ್ ಜನರಲ್ ಮಲಾರ್ತಿಕ್ ವಯಸ್ಸಾದ ಸೈನಿಕ. ವೇಷ ಮರೆಸಿಕೊಂಡು ಬಂದವರನ್ನು ಆತ ಸಕಲ ಮರ್ಯಾದೆಯೊಂದಿಗೆ ಬಹಿರಂಗವಾಗಿ ಬರಮಾಡಿಕೊಂಡ. ಅಲ್ಲಿಗೆ ಅರ್ಧ ಗುಟ್ಟು ಹೋಯಿತು. ಹತ್ತು ಸಾವಿರ ಸೈನಿಕರು ಎಲ್ಲಿ ಎಂದು ಕೇಳಿದರೆ ಆತನ ಬಳಿ ಕೊಡಲು ಒಂದು ತುಕಡಿಯೂ ಇರಲಿಲ್ಲ.

ಮಲಾರ್ತಿಕ್‌ನ ಪರಿಸ್ಥಿತಿಯನ್ನೂ ನೋಡಬೇಕು. ಎರಡು ವರ್ಷದ ಹಿಂದೆ, 1796ರಲ್ಲಿ, ಗುಲಾಮಗಿರಿ ರದ್ದಾಗಿದೆ ಎಂಬ ಆದೇಶ ಹಿಡಿದು ಪ್ಯಾರಿಸ್ಸಿನಿಂದ ಬಂದ ಇಬ್ಬರು ಪ್ರತಿನಿಧಿಗಳನ್ನು ಆ ದ್ವೀಪದ ತೋಟದ ಮಾಲೀಕರು ಹಡಗು ಹತ್ತಿಸಿ ಓಡಿಸಿದ್ದರು. ಕಬ್ಬಿನ ಗದ್ದೆಗಳು ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ನಾಡು ಅದು. ಅಂದರೆ ಟಿಪ್ಪು ಯಾವ ಫ್ರೆಂಚ್ ಗಣರಾಜ್ಯದ ಸ್ನೇಹ ಕೋರಿ ಕಾಗದ ಬರೆದನೋ ಆ ಗಣರಾಜ್ಯದ ಮಾತನ್ನೇ ಈ ದ್ವೀಪ ಕೇಳುತ್ತಿರಲಿಲ್ಲ. ತಾನು ಫ್ರಾನ್ಸಿನ ನಿಷ್ಠ ಸೇವಕ ಎಂದು ತೋರಿಸಿಕೊಳ್ಳುವ ಒತ್ತಡ ಗವರ್ನರನ ಮೇಲಿತ್ತು. ಮೈಸೂರಿನ ವಕೀಲರ ಆಗಮನ ಅವನಿಗೆ ಅಂಥದೊಂದು ಅವಕಾಶವಾಗಿ ಕಂಡಿತೆಂದು ನನ್ನ ಊಹೆ.

ಜನವರಿ 30ರಂದು ಆತ ಒಂದು ಘೋಷಣೆ ಹೊರಡಿಸಿದ. ಟಿಪ್ಪು ಸುಲ್ತಾನ ಇಬ್ಬರು ರಾಯಭಾರಿಗಳ ಕೈಯಲ್ಲಿ ಕಾಗದ ಕಳುಹಿಸಿದ್ದಾನೆ. ಫ್ರಾನ್ಸಿನೊಡನೆ ಮೈತ್ರಿ ಬಯಸುತ್ತಾನೆ. ಇಂಗ್ಲಿಷರನ್ನು ಇಂಡಿಯಾದಿಂದ ಓಡಿಸಬೇಕೆಂಬುದು ಅವನ ಉತ್ಕಟ ಇಚ್ಛೆ. ಫ್ರೆಂಚರು ಬಂದ ಕ್ಷಣ ಯುದ್ಧ ಸಾರಲು ಕಾದಿದ್ದಾನೆ. ಇಷ್ಟೆಲ್ಲ ಅದರಲ್ಲಿತ್ತು. ಬಂದ ಸೈನ್ಯದ ಖರ್ಚೆಲ್ಲ ಅವನದೇ, ಬೇಕಾದ ಸಾಮಗ್ರಿಯೆಲ್ಲ ಒದಗಿಸುತ್ತಾನೆ, ವೈನ್ ಒಂದನ್ನು ಬಿಟ್ಟು, ಏಕೆಂದರೆ ಅದು ಅವನಲ್ಲಿ ಇಲ್ಲವೇ ಇಲ್ಲ. ಸ್ವಇಚ್ಛೆಯಿಂದ ಬರುವವರು ಹೆಸರು ಬರೆಸಬಹುದು. ಸಂಬಳವನ್ನು ರಾಯಭಾರಿಗಳೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಬಹುದು. ಊರಿಗೆ ಮರಳಬೇಕೆನಿಸಿದರೆ ಯಾರೂ ತಡೆಯುವುದಿಲ್ಲ ಎಂದು ಅವರು ತಮ್ಮ ಒಡೆಯನ ಪರವಾಗಿ ಮಾತು ಕೊಡುತ್ತಾರೆ.

ಆ ವೈನ್ ವಾಕ್ಯ ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಮರುಕ್ಷಣ ಹೊಟ್ಟೆ ತೊಳಸುತ್ತದೆ. ಒಂದು ರಾಜ್ಯದ ಅಳಿವು ಉಳಿವಿನ ಗುಟ್ಟು, ಪಕ್ಕದಲ್ಲೇ ಹೆಂಡದ ಅಭಾವಕ್ಕೆ ಕ್ಷಮಾಪಣೆ, ಎರಡೂ ಒಂದೇ ಹಾಳೆಯಲ್ಲಿ. ಕಂಪನಿಯೊಂದಿಗೆ ವ್ಯವಹಾರವಿದ್ದ ಹಡಗುಗಳು ಬಂದುಹೋಗುವ ಬಂದರಿನಲ್ಲಿ ಇದನ್ನು ಹೊರಡಿಸುವುದೂ ಒಂದೇ, ಕಲ್ಕತ್ತೆಗೆ ಅಂಚೆಯಲ್ಲಿ ಕಳುಹಿಸುವುದೂ ಒಂದೇ.

ಹಸನ್ ಅಲಿಯೂ ಶೇಖ್ ಇಬ್ರಾಹಿಮನೂ ಆಕ್ಷೇಪವೆತ್ತಿದರು. ತಾವು ಬಂದದ್ದು ದೊಡ್ಡ ಸೈನ್ಯ ಕರೆದೊಯ್ಯಲು, ಬೀದಿಯಲ್ಲಿ ಆಳು ಸೇರಿಸಲು ಅಲ್ಲ ಎಂದರು. ಮುಂದೆ ಕಂಪನಿಯವರು ಅವರೇ ಘೋಷಣೆಗೆ ಒಪ್ಪಿದ್ದರು, ಅದರ ಪ್ರತಿಗಳು ಅವರ ಬಿಡಾರದಲ್ಲೇ ಹಂಚಿಕೆಯಾದವು ಎಂದು ಸಾಕ್ಷಿ ಕಲೆಹಾಕಿದರು. ಎರಡೂ ಮಾತನ್ನು ಎದುರುಬದುರು ಇಟ್ಟರೆ ನನಗೆ ಹೊಳೆಯುವುದು ಇಷ್ಟು: ಮೊದಲು ಬೇಡ ಎಂದಿರುತ್ತಾರೆ, ಘೋಷಣೆ ಹೊರಬಿದ್ದ ಮೇಲೆ, ಬರಿಗೈಯಲ್ಲಿ ಶ್ರೀರಂಗಪಟ್ಟಣಕ್ಕೆ ಮರಳಿ ಸುಲ್ತಾನನ ಮುಂದೆ ನಿಲ್ಲುವುದಕ್ಕಿಂತ ಸಿಕ್ಕಷ್ಟು ಜನರನ್ನಾದರೂ ಕರೆದೊಯ್ಯೋಣ ಎಂದುಕೊಂಡಿರುತ್ತಾರೆ.

ಸಿಕ್ಕಿದವರು 99 ಜನ. ಅದರಲ್ಲಿ ಸಾಮಾನ್ಯ ಯುರೋಪಿಯನ್ ಸೈನಿಕರು 36 ಮಾತ್ರ. ಉಳಿದವರು ಅಧಿಕಾರಿಗಳು, ಹಡಗು ಕಟ್ಟುವವರು, ಮಿಶ್ರ ಸಂತಾನದ ಸಿಪಾಯಿಗಳು, ದುಭಾಷಿ. ಶಾಪ್ವಿ ಎಂಬವನು ನೆಲಪಡೆಯ ಮುಖ್ಯಸ್ಥ, ದುಬುಕ್ ಎಂಬವನು ಇಲ್ಲದ ನೌಕಾಪಡೆಯ ಮುಖ್ಯಸ್ಥ. ಬೆಟ್ಟ ಅಗೆದು ಇಲಿ ಹಿಡಿದರು. ಮಾರ್ಚ್ 7ರಂದು ‘ಲಾ ಪ್ರೆನ್ಯೂಸ್’ ಎಂಬ ಯುದ್ಧನೌಕೆ ಅವರನ್ನು ಹೊತ್ತು ಹೊರಟಿತು. ಏಪ್ರಿಲ್ 26ರಂದು ಮಂಗಳೂರು.

ಅದೇ ದಿನ ಮದ್ರಾಸಿನಲ್ಲಿ

ಅದೇ ಏಪ್ರಿಲ್ 26ರಂದು ಇನ್ನೊಬ್ಬ ಮದ್ರಾಸಿನಲ್ಲಿ ಹಡಗಿನಿಂದ ಇಳಿದ. ಕಂಪನಿಯ ಹೊಸ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಆಗಿನ್ನೂ ಲಾರ್ಡ್ ಮಾರ್ನಿಂಗ್ಟನ್. ಕಾದಂಬರಿಯಲ್ಲಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ. ಮೇ ತಿಂಗಳಲ್ಲಿ ಆತ ಕಲ್ಕತ್ತೆ ಸೇರಿದ. ಜೂನ್ 8ರಂದು ಮಲಾರ್ತಿಕ್‌ನ ಘೋಷಣೆ ಅಲ್ಲಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿ ಅವನ ಕಣ್ಣಿಗೆ ಬಿತ್ತು. ಮರುದಿನವೇ ಮದ್ರಾಸಿನ ಜನರಲ್ ಹ್ಯಾರಿಸ್‌ಗೆ ಸೈನ್ಯದ ವಿಚಾರವಾಗಿ ಕಾಗದ ಹೋಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಗುಡ್‌ಹೋಪ್ ಭೂಶಿರದಿಂದ ಘೋಷಣೆಯ ಖಚಿತ ಪ್ರತಿಯೂ ತಲುಪಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಘೋಷಣೆ ಇರದಿದ್ದರೆ ಯುದ್ಧವೇ ಆಗುತ್ತಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ವೆಲ್ಲೆಸ್ಲಿ ರಾಜ್ಯ ವಿಸ್ತಾರದ ಹಸಿವಿನಿಂದಲೇ ಬಂದವನು. ಆದರೆ ಆ ಕ್ಷಣದಲ್ಲಿ ಅವನ ಕೈ ಕಟ್ಟಿತ್ತು. ಮದ್ರಾಸಿನ ಬೊಕ್ಕಸ ಬರಿದು, ಸೈನ್ಯ ಚದುರಿದೆ. ಅಲ್ಲಿನ ಕಾರ್ಯದರ್ಶಿ ಜೋಸಯ್ಯ ವೆಬ್ ಈಗ ಯುದ್ಧ ಬೇಡವೆಂದು ದೀರ್ಘ ಟಿಪ್ಪಣಿಯನ್ನೇ ಬರೆದ. ಹೈದರಾಬಾದಿನಲ್ಲಿ ಫ್ರೆಂಚ್ ಅಧಿಕಾರಿಗಳ ಕೈಕೆಳಗೆ ನಿಜಾಮನ ಸುಮಾರು 14,000 ಸಿಪಾಯಿಗಳಿದ್ದರು. ಲಂಡನ್ನಿನ ಯಜಮಾನರಿಗೆ ಯುದ್ಧದ ಖರ್ಚು ಎಂದರೆ ಅಲರ್ಜಿ. ಈ ಎಲ್ಲ ತಡೆಗಳನ್ನೂ ದಾಟಲು ಅವನಿಗೆ ಬೇಕಿದ್ದದ್ದು ಒಂದು ಲಿಖಿತ ಸಾಕ್ಷಿ. ಅದನ್ನು ಟಿಪ್ಪುವಿನ ಮಿತ್ರನೇ ಅಚ್ಚು ಹಾಕಿಸಿಕೊಟ್ಟಿದ್ದ. ಸೆಪ್ಟೆಂಬರ್ 1ರಂದು ನಿಜಾಮನೊಡನೆ ಹೊಸ ಒಪ್ಪಂದ, ಅಕ್ಟೋಬರ್‌ನಲ್ಲಿ ಆ ಫ್ರೆಂಚ್ ದಳದ ನಿಶ್ಶಸ್ತ್ರೀಕರಣ. ಇಂಗ್ಲಿಷರನ್ನು ಓಡಿಸಲು ಹೊರಟ ರಾಯಭಾರದ ಮೊದಲ ಫಲವಾಗಿ ದಕ್ಷಿಣದ ಅತಿದೊಡ್ಡ ಫ್ರೆಂಚ್ ಪಡೆ ಗುಂಡು ಹಾರಿಸದೆ ಕರಗಿಹೋಯಿತು.

ಅಕ್ಕಿ ತುಂಬಿದ ಹಡಗು

ನವೆಂಬರ್ 8ರಂದು ವೆಲ್ಲೆಸ್ಲಿ ಟಿಪ್ಪುವಿಗೆ ಕಾಗದ ಬರೆದ. ಮೇಜರ್ ಡವ್‌ಟನ್ ಎಂಬ ಅಧಿಕಾರಿಯನ್ನು ಮಾತುಕತೆಗೆ ಕಳುಹಿಸುತ್ತೇನೆ, ಬರಮಾಡಿಕೊಳ್ಳಿ ಎಂದ. ಟಿಪ್ಪುವಿನ ಉತ್ತರ ಡಿಸೆಂಬರ್ 25ರಂದು ಮದ್ರಾಸು ಸೇರಿತು. ನಮ್ಮ ಸರ್ಕಾರದಲ್ಲಿ ಕಡಲ ವ್ಯಾಪಾರ ಮಾಡುವ ಜನರಿದ್ದಾರೆ. ಅವರ ಗುಮಾಸ್ತರು ಎರಡು ಪಟಸ್ತಂಭದ ಹಡಗೊಂದನ್ನು ಕೊಂಡು, ಅಕ್ಕಿ ತುಂಬಿಕೊಂಡು ಹೋದರು. ಅದು ಹೇಗೋ ಮಾರಿಷಸ್ ಮುಟ್ಟಿತು. ಅಲ್ಲಿಂದ ಫ್ರೆಂಚರು, ಕಪ್ಪುಬಣ್ಣದವರು ಸೇರಿ ನಲವತ್ತು ಜನ ಬಾಡಿಗೆ ಕೊಟ್ಟು ಹತ್ತಿ ಬಂದರು. ಅವರಲ್ಲಿ ಹತ್ತು ಹನ್ನೆರಡು ಕುಶಲಕರ್ಮಿಗಳು, ಉಳಿದವರು ಆಳುಗಳು. ಕೆಲಸ ಬೇಕೆಂದವರು ಸೇರಿದರು, ಬೇಡವೆಂದವರು ಹೋದರು. ಇದು ಅದರ ಸಾರ.

ರಾಯಭಾರದ ಭಾಷೆಯಲ್ಲಿ ಇಂಥ ಅಕ್ಕಿಹಡಗಿನ ಕಥೆಗೆ ಬೆಲೆಯಿದೆ. ಎದುರಿನವನಿಗೆ ನಂಬುವ ಇಷ್ಟವಿದ್ದರೆ ಅದು ಸಾಕು, ಇಬ್ಬರ ಮಾನವೂ ಉಳಿಯುತ್ತದೆ. ಘೋಷಣೆಯನ್ನು ಇಡೀ ಕಲ್ಕತ್ತೆ ಓದಿ ಆರು ತಿಂಗಳಾದ ಮೇಲೆ ಹೇಳಿದರೆ ಅದು ಹಾಸ್ಯಾಸ್ಪದವಾಗುತ್ತದೆ. ಈ ಪ್ರಕರಣದಲ್ಲಿ ಟಿಪ್ಪುವಿನದೇ ತಪ್ಪು ಎಂದು ನಾನು ಬೆರಳಿಡುವ ಜಾಗ ಇದು. ಡವ್‌ಟನ್‌ನನ್ನು ಡಿಸೆಂಬರ್‌ನಲ್ಲಿಯೇ ಕರೆಸಿ ಮಾತಿನಲ್ಲಿ ಸಿಕ್ಕಿಸಿ ಮುಂಗಾರು ತನಕ ಎಳೆದಿದ್ದರೆ, ಕಾವೇರಿ ತುಂಬಿ ಹರಿಯುವ ದಿನ ಬರುತ್ತಿತ್ತು. ಆಗ ಪಟ್ಟಣಕ್ಕೆ ಮುತ್ತಿಗೆ ಹಾಕುವುದು ಆಗದ ಮಾತು. ನದಿಯ ಲೆಕ್ಕ ಇಲ್ಲಿಯ ಹುಡುಗರಿಗೂ ಗೊತ್ತು. ವೆಲ್ಲೆಸ್ಲಿಗೂ ಗೊತ್ತಿತ್ತು, ಅದಕ್ಕೇ ಅವನಿಗೆ ಅವಸರ. ಟಿಪ್ಪು ತಾನು ಬೇಟೆಗೆ ಹೊರಟಿದ್ದೇನೆ, ಡವ್‌ಟನ್‌ನನ್ನು ಕಡಿಮೆ ಪರಿವಾರದೊಡನೆ ಕಳುಹಿಸಿ ಎಂದು ಒಪ್ಪಿದ ಕಾಗದ ಮದ್ರಾಸು ಮುಟ್ಟಿದ್ದು 1799ರ ಫೆಬ್ರವರಿ ನಡುವೆ. ಅಷ್ಟರಲ್ಲಿ ಹ್ಯಾರಿಸ್‌ನ ಸೈನ್ಯ ವೆಲ್ಲೂರಿನಿಂದ ಹೊರಟಾಗಿತ್ತು.

ಅದೇ ವರ್ಷದ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಒಂದು ಕಾಗದ ಬರೆದಿದ್ದ. ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಮಾತಾಡಲು ನಿಮ್ಮ ನಂಬಿಕೆಯ ಒಬ್ಬ ಜಾಣನನ್ನು ಸೂಯೆಜ್‌ಗೋ ಕೈರೋಗೋ ಕಳುಹಿಸಿ ಎಂದು. ಇನ್ನೊಬ್ಬ ರಾಯಭಾರಿ! ಆ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು.

ಎಲ್ಲಿ ತಪ್ಪಿತು

ಹಸನ್ ಅಲಿ, ಶೇಖ್ ಇಬ್ರಾಹಿಂ ಅಸಮರ್ಥರು ಎಂದು ಬರೆದುಬಿಡುವುದು ಸುಲಭ. ನನಗೆ ಹಾಗೆನ್ನಿಸುವುದಿಲ್ಲ. ಅವರ ಕೈಗೆ ಕೊಟ್ಟದ್ದು ಒಂದೇ ಸನ್ನಿವೇಶಕ್ಕೆ ಹೊಂದುವ ಆಜ್ಞೆ: ಸೈನ್ಯ ಇದೆ, ಕರೆದುಕೊಂಡು ಬನ್ನಿ. ಸೈನ್ಯ ಇಲ್ಲದಿದ್ದರೆ ಏನು ಮಾಡಬೇಕೆಂಬ ಮಾತು ಯಾರೂ ಹೇಳಿರಲಿಲ್ಲ, ಏಕೆಂದರೆ ಸೈನ್ಯ ಇಲ್ಲದಿರಬಹುದು ಎಂದವರ ಅಭಿಪ್ರಾಯವನ್ನು ದರ್ಬಾರಿನಲ್ಲೇ ಬದಿಗಿಟ್ಟಾಗಿತ್ತು. ಊರಿಗೆ ಕೇಳಿ ಉತ್ತರ ತರಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಕಾಗದಗಳು ಪಾರಸಿಯಲ್ಲಿ, ಗವರ್ನರನಿಗೆ ಗೊತ್ತಿದ್ದದ್ದು ಫ್ರೆಂಚ್, ಮಧ್ಯದಲ್ಲಿ ದುಭಾಷಿ. ಪ್ಯಾರಿಸ್ಸಿಗೆ ಹೋದ ಮೂವರು ಆ ಕಾಲದ ಚಿತ್ರಪಟದಲ್ಲಾದರೂ ಉಳಿದರು. ಈ ಇಬ್ಬರ ದನಿ ನಮಗೆ ಕೇಳುವುದು ಅರಮನೆಯ ದಫ್ತರದಲ್ಲಿ ಸಿಕ್ಕ ಕಾಗದಗಳಿಂದ, ಅದೂ ಕಂಪನಿಯ ಭಾಷಾಂತರಕಾರರ ಮೂಲಕ.

ಇನ್ನು ಆತಿಥೇಯ. ಮಿತ್ರನ ಗುಟ್ಟು ಕಾಯುವುದರಿಂದ ಮಲಾರ್ತಿಕ್‌ಗೆ ಲಾಭವಿರಲಿಲ್ಲ, ಡಂಗುರ ಹೊಡೆದರೆ ನಷ್ಟವೂ ಇರಲಿಲ್ಲ. ಬೆಲೆ ತೆರಬೇಕಾದವರು ಎರಡು ಸಾವಿರ ಮೈಲಿಗೂ ಹೆಚ್ಚು ದೂರದಲ್ಲಿದ್ದರು. 99 ಜನರಿಗೆ ಮಂಗಳೂರಿನಲ್ಲಿ ದಾರಿ ಖರ್ಚು ಕೊಟ್ಟು ಅದೇ ಹಡಗಿನಲ್ಲಿ ಹಿಂದಕ್ಕೆ ಕಳುಹಿಸಿದ್ದರೆ ಟಿಪ್ಪುವಿಗೆ ಒಂದು ನೆಲೆಯಾದರೂ ಇರುತ್ತಿತ್ತು: ಘೋಷಣೆ ನನ್ನದಲ್ಲ, ನೋಡಿ, ಬಂದವರನ್ನೂ ಕಳುಹಿಸಿದ್ದೇನೆ ಎಂದು ಹೇಳಬಹುದಿತ್ತು. ಅವರನ್ನು ಪಟ್ಟಣಕ್ಕೆ ಕರೆಸಿಕೊಂಡು ಘೋಷಣೆಯ ಕೆಳಗೆ ತನ್ನ ರುಜುವನ್ನೂ ಹಾಕಿದಂತಾಯಿತು.

ಮಳವಳ್ಳಿಯಿಂದ ಮುಂದೆ

ಉಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮಾರ್ಚ್ 27ರಂದು ಮಳವಳ್ಳಿಯ ಬಳಿ ಕಾಳಗ, ಟಿಪ್ಪು ಹಿಮ್ಮೆಟ್ಟಿದ. ಶತ್ರು ನೇರ ದಾರಿಯಲ್ಲೇ ಬರುತ್ತಾನೆಂದು ಅಲ್ಲಿ ಮೇವನ್ನೆಲ್ಲ ಸುಡಿಸಿದ್ದ; ಹ್ಯಾರಿಸ್ ಸದ್ದಿಲ್ಲದೆ ಸೋಸಲೆಯ ಬಳಿ ಕಾವೇರಿ ದಾಟಿ ದಕ್ಷಿಣ ದಡಕ್ಕೆ ಬಂದ. ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಒಳಗಿದ್ದ ಫ್ರೆಂಚರು ಸೆರೆಸಿಕ್ಕರು. ದುಬುಕ್ ಮಾತ್ರ ಮೊದಲೇ ಟ್ರಾಂಕ್ವಿಬಾರ್‌ನಿಂದ (ಇಂದಿನ ತಮಿಳುನಾಡಿನ ತರಂಗಂಬಾಡಿ) ಹಡಗು ಹತ್ತಿದ್ದ, ಟಿಪ್ಪುವಿನ ಮತ್ತೊಂದು ನಿಯೋಗದೊಡನೆ, ಫ್ರಾನ್ಸಿನ ಕಡೆಗೆ.

ಜೂನ್ 30ರಂದು ಐದು ವರ್ಷದ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಜುಲೈ 8ರಂದು ಶ್ರೀರಂಗಪಟ್ಟಣದಲ್ಲಿ ಸಹಾಯಕ ಸೈನ್ಯದ ಒಪ್ಪಂದ. ವರ್ಷಕ್ಕೆ ಏಳು ಲಕ್ಷ ವರಹ ಎಂಬ ಕಲಮನ್ನು ಪಾಠಪುಸ್ತಕಗಳೆಲ್ಲ ಹೇಳುತ್ತವೆ. ಅದರಲ್ಲೇ ಇನ್ನೊಂದು ಕಲಮಿದೆ, ಯಾರೂ ಹೇಳುವುದಿಲ್ಲ: ಕಂಪನಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯದೆ ಮೈಸೂರಿನ ಅರಸರು ಯಾವುದೇ ಪರರಾಜ್ಯದೊಡನೆ ಕಾಗದ ವ್ಯವಹಾರ ನಡೆಸುವಂತಿಲ್ಲ. ಮೊದಲ ರೆಸಿಡೆಂಟ್ ಆಗಿ, ಅಂದರೆ ಕಂಪನಿಯ ಪ್ರತಿನಿಧಿಯಾಗಿ, ಬ್ಯಾರಿ ಕ್ಲೋಸ್ ಬಂದ, ಕೆಲವೇ ವರ್ಷಗಳಲ್ಲಿ ಮೈಸೂರಿನಲ್ಲಿ ರೆಸಿಡೆಂಟರಿಗೆ ದೊಡ್ಡ ಬಂಗಲೆ ಎದ್ದಿತು. ಈಗ ಅದು ಸರ್ಕಾರಿ ಅತಿಥಿಗೃಹ.